ಹತ್ತು ಪಂದ್ಯ, ಹತ್ತು ಗೆಲುವು, ಕೊನೆಗೆ ನಾಲ್ಕನೇ ಸ್ಥಾನ

ಕನ್ನಡದಲ್ಲಿ ಒಂದಕ್ಕೊಂದು ಎದುರು ನಿಲ್ಲುವ ಎರಡು ಮಾತುಗಳಿವೆ. ‘ಬೆಳೆಯುವ ಸಿರಿ ಮೊಳಕೆಯಲ್ಲೇ ನೋಡು’ ಎನ್ನುತ್ತದೆ ಗಾದೆ. ಆರಂಭದಲ್ಲಿ ಆರ್ಭಟಿಸಿ ಅರ್ಧದಾರಿಯಲ್ಲೇ ಬಸವಳಿಯುವವನನ್ನು ‘ಆರಂಭಶೂರ’ ಎಂದು ಹಂಗಿಸುವುದೂ ಇದೇ ಭಾಷೆಯೇ. ಮೊದಲ ಮಳೆಗೆ ಹೊಲ ಹಸಿರಾದಾಗ ಯಾವ ಮಾತನ್ನು ನಂಬಬೇಕು? ರೈತನನ್ನು ವರ್ಷವರ್ಷವೂ ಕಾಡುವ ಈ ಪ್ರಶ್ನೆ ಫುಟ್‌ಬಾಲ್ ಅಭಿಮಾನಿಯನ್ನೂ ಬಿಟ್ಟಿಲ್ಲ.

ಇಂಗ್ಲೆಂಡ್‌ನಲ್ಲಿ ಫುಟ್‌ಬಾಲ್ ಋತು ಆಗಸ್ಟ್‌ನಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಆಗಸ್ಟ್, ಸೆಪ್ಟೆಂಬರ್ ಎಂದರೆ ಅಲ್ಲಿ ಲೆಕ್ಕಾಚಾರದ ಕಾಲ. ನೆಚ್ಚಿನ ತಂಡ ಮೊದಲ ನಾಲ್ಕೈದು ಪಂದ್ಯ ಗೆದ್ದರೆ ಅಭಿಮಾನಿಯ ಮನಸ್ಸಿನಲ್ಲಿ ಮೆರವಣಿಗೆ ಹೊರಟೇಬಿಡುತ್ತದೆ. ಸೋತರೆ ಮ್ಯಾನೇಜರನ ತಲೆದಂಡದ ಮಾತು ಏಳುತ್ತದೆ. ಈ ಲೆಕ್ಕಾಚಾರ ಎಷ್ಟರಮಟ್ಟಿಗೆ ನಿಜವಾಗುತ್ತದೆ, ಸುಳ್ಳಾದಾಗ ಅದರ ಬೆಲೆ ತೆರುವವರು ಯಾರು ಎಂಬುದನ್ನು ತಿಳಿಯಲು 1985ರ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹದಿನೆಂಟು ವರ್ಷಗಳ ಕಾಯುವಿಕೆ

ಇಂದು ಮ್ಯಾಂಚೆಸ್ಟರ್ ಯುನೈಟೆಡ್ ಎಂದರೆ ಪ್ರಶಸ್ತಿಗಳ ಸಾಲು ನೆನಪಾಗುತ್ತದೆ. 1985ರಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಆ ತಂಡ ಕೊನೆಯ ಬಾರಿಗೆ ಲೀಗ್ ಪ್ರಶಸ್ತಿ ಗೆದ್ದದ್ದು 1967ರಲ್ಲಿ, ಮ್ಯಾಟ್ ಬಸ್ಬಿ ಮ್ಯಾನೇಜರ್ ಆಗಿದ್ದಾಗ. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಎಂಟು ಮಂದಿ ಆಟಗಾರರನ್ನು ಕಳೆದುಕೊಂಡ ತಂಡವನ್ನು ಮತ್ತೆ ಕಟ್ಟಿ ನಿಲ್ಲಿಸಿದವರು ಬಸ್ಬಿ. ಅವರು ಹೊಣೆಯಿಂದ ಇಳಿದ ಮೇಲೆ ತಂಡದ ದೆಸೆ ತಿರುಗಿತು. 1974ರಲ್ಲಿ ಎರಡನೇ ಡಿವಿಜನ್ನಿಗೆ ಹಿಂಬಡ್ತಿಯನ್ನೂ ಕಂಡಿತು. ಮರುವರ್ಷವೇ ಮೇಲೆ ಬಂದಿತಾದರೂ ಲೀಗ್ ಪ್ರಶಸ್ತಿ ಮಾತ್ರ ಗಗನಕುಸುಮವಾಗಿಯೇ ಉಳಿಯಿತು. ಐವತ್ತು ಕಿಲೋಮೀಟರ್ ಆಚೆಗಿನ ಲಿವರ್‌ಪೂಲ್ ಒಂದರ ಹಿಂದೊಂದು ಪ್ರಶಸ್ತಿ ಬಾಚುತ್ತಿದ್ದುದು ಮ್ಯಾಂಚೆಸ್ಟರಿನವರ ಗಾಯಕ್ಕೆ ಉಪ್ಪು ಸವರಿದಂತಿತ್ತು.

1981ರಲ್ಲಿ ಮ್ಯಾನೇಜರ್ ಆಗಿ ಬಂದವರು ರಾನ್ ಅಟ್ಕಿನ್ಸನ್. ಅವರ ಕಾಲದಲ್ಲಿ ತಂಡ ಕ್ರಮವಾಗಿ ಮೂರು, ಮೂರು, ನಾಲ್ಕು, ನಾಲ್ಕನೇ ಸ್ಥಾನ ಪಡೆಯಿತು. 1983ರಲ್ಲಿ ಒಮ್ಮೆ, 1985ರಲ್ಲಿ ಇನ್ನೊಮ್ಮೆ ಎಫ್.ಎ. ಕಪ್ ಗೆದ್ದಿತು. 1985ರ ಫೈನಲ್‌ನಲ್ಲಿ ಕೆವಿನ್ ಮೊರನ್ ಹೊರಹಾಕಲ್ಪಟ್ಟು ತಂಡ ಹತ್ತೇ ಮಂದಿಯೊಂದಿಗೆ ಆಡಬೇಕಾಯಿತು. ಆದರೂ ನಾರ್ಮನ್ ವೈಟ್‌ಸೈಡ್ ಹೆಚ್ಚುವರಿ ಸಮಯದಲ್ಲಿ ಹೊಡೆದ ಗೋಲಿನಿಂದ ಆ ವರ್ಷದ ಲೀಗ್ ಚಾಂಪಿಯನ್ ಎವರ್ಟನ್ ಮಣಿಯಿತು. ಕಪ್ ಬಂತು, ಇನ್ನು ಲೀಗ್ ಬರಬೇಕು ಎಂಬುದೇ ಬೇಸಿಗೆಯಿಡೀ ಅಭಿಮಾನಿಗಳ ಮಾತಾಗಿತ್ತು.

ಕಳಂಕ ಹೊತ್ತ ಆಟ

ಆದರೆ ಆ ಬೇಸಿಗೆ ಇಂಗ್ಲೆಂಡ್ ಫುಟ್‌ಬಾಲ್‌ಗೆ ಕರಾಳವಾಗಿತ್ತು. 1985ರ ಮೇ 11ರಂದು ಬ್ರಾಡ್‌ಫರ್ಡ್ ಕ್ರೀಡಾಂಗಣದ ಹಳೆಯ ಮರದ ಗ್ಯಾಲರಿಗೆ ಬೆಂಕಿ ತಗುಲಿ 56 ಮಂದಿ ಸತ್ತರು. ಅದೇ ತಿಂಗಳ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ನಡುವಿನ ಯೂರೋಪಿಯನ್ ಕಪ್ ಫೈನಲ್‌ಗೆ ಮುನ್ನ ಗಲಭೆಯಾಗಿ, ಗೋಡೆ ಕುಸಿದು 39 ಮಂದಿ ಪ್ರಾಣ ಕಳೆದುಕೊಂಡರು. ಇಂಗ್ಲೆಂಡಿನ ಕ್ಲಬ್‌ಗಳು ಯೂರೋಪಿನ ಸ್ಪರ್ಧೆಗಳಲ್ಲಿ ಆಡದಂತೆ ನಿಷೇಧ ಬಿತ್ತು. ಚಾಂಪಿಯನ್ ಎವರ್ಟನ್ನಿಗೂ ಕಪ್ ಗೆದ್ದ ಯುನೈಟೆಡ್‌ಗೂ ಯೂರೋಪಿನ ಬಾಗಿಲು ಮುಚ್ಚಿತು. ಫುಟ್‌ಬಾಲ್ ಅಭಿಮಾನಿ ಎಂದು ಹೇಳಿಕೊಳ್ಳುವುದೇ ಮುಜುಗರ ಎನ್ನುವಂಥ ದಿನಗಳವು.

ಸಾಲದುದಕ್ಕೆ, ಪ್ರಸಾರದ ಹಣದ ವಿಷಯದಲ್ಲಿ ಲೀಗ್‌ಗೂ ಟೆಲಿವಿಷನ್ ಸಂಸ್ಥೆಗಳಿಗೂ ಜಗಳ ಹತ್ತಿತು. ಪರಿಣಾಮವಾಗಿ ಆಗಸ್ಟ್‌ನಿಂದ ಡಿಸೆಂಬರ್ ಮುಗಿಯುವವರೆಗೆ ಒಂದೇ ಒಂದು ಲೀಗ್ ಪಂದ್ಯವೂ ಟಿ.ವಿ.ಯಲ್ಲಿ ಕಾಣಲಿಲ್ಲ. ಕ್ರೀಡಾಂಗಣಕ್ಕೆ ಹೋದವರಷ್ಟೇ ಪಂದ್ಯವನ್ನು ಕಂಡರು. ಉಳಿದವರಿಗೆ ರೇಡಿಯೋ ಮತ್ತು ಪತ್ರಿಕೆಗಳೇ ಗತಿ. ಮ್ಯಾಂಚೆಸ್ಟರಿನಲ್ಲಿ ಶನಿವಾರ ಸಂಜೆ ಪಂದ್ಯ ಮುಗಿದ ಸ್ವಲ್ಪ ಹೊತ್ತಿಗೇ ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚಾಗಿ ಬರುತ್ತಿದ್ದ ಕ್ರೀಡಾ ಪತ್ರಿಕೆಗೆ ಜನ ಕಾದು ನಿಲ್ಲುತ್ತಿದ್ದರು.

ಯುನೈಟೆಡ್‌ನ ದಿಗ್ವಿಜಯ ನಡೆದದ್ದು ಈ ಕತ್ತಲೆಯಲ್ಲಿ. ಮುಂದೆ ಆ ಹತ್ತು ಪಂದ್ಯಗಳ ಬಗ್ಗೆ ಹುಟ್ಟಿಕೊಂಡ ದಂತಕಥೆಗೆ ಕಾರಣ ಬಹುಶಃ ಇದೂ ಒಂದು. ಕಣ್ಣಾರೆ ಕಂಡವರು ಕಡಿಮೆ, ಕಿವಿಯಾರೆ ಕೇಳಿದವರು ಹೆಚ್ಚು.

ಗೆಲುವಿನ ಸರಮಾಲೆ

ಋತು ಆರಂಭಕ್ಕೆ ಒಂದು ವಾರ ಮೊದಲು, ಆಗಸ್ಟ್ 10ರಂದು, ಚಾರಿಟಿ ಷೀಲ್ಡ್ ಪಂದ್ಯದಲ್ಲಿ ಯುನೈಟೆಡ್ ಎವರ್ಟನ್ ಎದುರು 0-2ರಿಂದ ಸೋತಿತು. ಆ ಸೋಲನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಏಕೆಂದರೆ ಆಗಸ್ಟ್ 17ರಂದು ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಆಸ್ಟನ್ ವಿಲ್ಲಾ ತಂಡ 4-0ರಿಂದ ಧೂಳೀಪಟವಾಯಿತು. ನಂತರ ಇಪ್ಸ್‌ವಿಚ್‌ನಲ್ಲಿ 1-0, ಲಂಡನ್ನಿನಲ್ಲಿ ಆರ್ಸೆನಲ್ ವಿರುದ್ಧ 2-1, ತವರಿನಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ 2-0, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ 3-1. ಆಗಸ್ಟ್ ಮುಗಿಯುವ ಹೊತ್ತಿಗೆ ಐದಕ್ಕೆ ಐದು.

ಸೆಪ್ಟೆಂಬರ್‌ನಲ್ಲೂ ಅದೇ ಓಟ. ನ್ಯೂಕ್ಯಾಸಲ್, ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್ ಸಿಟಿ ಮೂರೂ ತಂಡಗಳು 3-0ರಿಂದಲೇ ಸೋತವು. ಊರಿನ ಎದುರಾಳಿಯಾದ ಸಿಟಿಯನ್ನು ಅದರ ಮೈದಾನದಲ್ಲೇ ಮಣಿಸಿದ್ದು ಅಭಿಮಾನಿಗಳಿಗೆ ಹಬ್ಬದೂಟ. ವೆಸ್ಟ್ ಬ್ರಾಮ್‌ವಿಚ್‌ನಲ್ಲಿ 5-1ರ ಗೆಲುವು. ಸೆಪ್ಟೆಂಬರ್ 28ರಂದು ಸೌತಾಂಪ್ಟನ್ ವಿರುದ್ಧ ಮಾರ್ಕ್ ಹ್ಯೂಸ್ ಹೊಡೆದ ಒಂದೇ ಗೋಲಿನಿಂದ ಹತ್ತನೆಯ ಜಯ.

ಹತ್ತು ಪಂದ್ಯ, ಹತ್ತು ಗೆಲುವು. ಹೊಡೆದದ್ದು 27 ಗೋಲು, ಬಿಟ್ಟುಕೊಟ್ಟದ್ದು ಕೇವಲ 3. ಗೆಲುವಿಗೆ ಮೂರರಂತೆ 30 ಅಂಕ.

ಈ ಅಂಕಿಗಳನ್ನು ಕಂಡವರೆಲ್ಲ 1960ರತ್ತ ತಿರುಗಿ ನೋಡಿದರು. ಆ ವರ್ಷ ಬಿಲ್ ನಿಕಲ್ಸನ್ ಮ್ಯಾನೇಜರ್ ಆಗಿದ್ದ, ಡ್ಯಾನಿ ಬ್ಲಾಂಚ್‌ಫ್ಲವರ್ ನಾಯಕತ್ವದ ಟಾಟನ್‌ಹ್ಯಾಮ್ ತಂಡ ಮೊದಲ 11 ಪಂದ್ಯಗಳನ್ನು ಗೆದ್ದಿತ್ತು. ಮುಂದೆ 42 ಪಂದ್ಯಗಳಲ್ಲಿ 31 ಗೆದ್ದು, 115 ಗೋಲು ಹೊಡೆದು, ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಒಂದೇ ಋತುವಿನಲ್ಲಿ ತನ್ನದಾಗಿಸಿಕೊಂಡಿತು. 20ನೇ ಶತಮಾನದಲ್ಲಿ ಈ ಸಾಧನೆ ಮಾಡಿದ ಮೊದಲ ತಂಡ ಅದು. ಯುನೈಟೆಡ್ ಹನ್ನೊಂದನೆಯ ಪಂದ್ಯವನ್ನೂ ಗೆದ್ದಿದ್ದರೆ ಆ ದಾಖಲೆಯನ್ನು ಸರಿಗಟ್ಟುತ್ತಿತ್ತು.

ಗೆಲ್ಲಲಿಲ್ಲ. ಅಕ್ಟೋಬರ್ 5ರಂದು, ಆ ವರ್ಷವಷ್ಟೇ ಪ್ಲಾಸ್ಟಿಕ್ ಹುಲ್ಲು ಹಾಸಿದ್ದ ಲೂಟನ್ ಮೈದಾನದಲ್ಲಿ ಪಂದ್ಯ 1-1ರಲ್ಲಿ ಡ್ರಾ ಆಯಿತು. ಆದರೂ ತಂಡ ಸೋಲಲಿಲ್ಲ. 15 ಪಂದ್ಯ ಮುಗಿದಾಗ 13 ಗೆಲುವು, 2 ಡ್ರಾ, 41 ಅಂಕ. ಎರಡನೇ ಸ್ಥಾನದ ತಂಡಕ್ಕಿಂತ ಹತ್ತು ಅಂಕಗಳಷ್ಟು ಮುಂದೆ ಹೋಗಿದ್ದೂ ಉಂಟು. ಹದಿನೆಂಟು ವರ್ಷ ಕಾದವರು ‘ಈ ಸಲ ನಮ್ಮದೇ’ ಎಂದರೆ ಅದು ಅತ್ಯಾಸೆಯೇನೂ ಆಗಿರಲಿಲ್ಲ.

ಕುಸಿತ

ನವೆಂಬರ್ 9ರಂದು ಷೆಫೀಲ್ಡ್ ವೆನ್ಸ್‌ಡೇ ತಂಡ ಯುನೈಟೆಡ್ಡನ್ನು 1-0ರಿಂದ ಸೋಲಿಸಿತು. 1960ರಲ್ಲಿ ಟಾಟನ್‌ಹ್ಯಾಮ್‌ನ ಅಜೇಯ ಓಟಕ್ಕೆ ತಡೆಹಾಕಿದ್ದೂ ಇದೇ ಷೆಫೀಲ್ಡ್ ವೆನ್ಸ್‌ಡೇ, ಅದೂ ನವೆಂಬರ್ ತಿಂಗಳಲ್ಲೇ. ಇಲ್ಲಿಯವರೆಗೆ ಎರಡೂ ಕಥೆಗಳು ಅವಳಿಜವಳಿ. ಇಲ್ಲಿಂದ ದಾರಿ ಕವಲೊಡೆಯಿತು. ಟಾಟನ್‌ಹ್ಯಾಮ್ ಮೈಕೊಡವಿಕೊಂಡು ಎದ್ದಿತು, ಯುನೈಟೆಡ್ ಏಳಲಿಲ್ಲ.

ಕಾರಣಗಳಲ್ಲಿ ಮೊದಲನೆಯದು ಗಾಯ. ಬಲ ಹಿಂಬದಿಯ ಆಟಗಾರ ಜಾನ್ ಗಿಡ್‌ಮನ್ ಎರಡನೇ ಪಂದ್ಯದಲ್ಲೇ ಕಾಲು ಮುರಿದುಕೊಂಡರು. ಗಾರ್ಡನ್ ಸ್ಟ್ರಾಖನ್ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಗೋಲು ಹೊಡೆಯುವ ಭರದಲ್ಲಿಯೇ ಭುಜದ ಕೀಲು ತಪ್ಪಿಸಿಕೊಂಡರು. ಎಲ್ಲಕ್ಕಿಂತ ದೊಡ್ಡ ಪೆಟ್ಟು ನಾಯಕ ಬ್ರಯಾನ್ ರಾಬ್ಸನ್ ಅವರದು. ಅಕ್ಟೋಬರ್‌ನಲ್ಲಿ ಇಂಗ್ಲೆಂಡ್ ಪರವಾಗಿ ಟರ್ಕಿ ವಿರುದ್ಧ ಆಡುವಾಗ ತೊಡೆಯ ಸ್ನಾಯುವಿಗೆ ಪೆಟ್ಟಾಯಿತು. ಚೇತರಿಸಿಕೊಂಡು ಬಂದ ಷೆಫೀಲ್ಡ್ ಪಂದ್ಯದಲ್ಲೇ ಮತ್ತೆ ಅದೇ ಗಾಯ. ಮಾರ್ಚ್‌ನಲ್ಲಿ ಭುಜದ ಕೀಲೂ ತಪ್ಪಿತು. 42 ಲೀಗ್ ಪಂದ್ಯಗಳಲ್ಲಿ ಅವರು ಆಡಿದ್ದು 21 ಮಾತ್ರ. ಆಗಿನ ಲೀಗ್ ನಿಯಮದಂತೆ ಪಂದ್ಯಕ್ಕೆ ಒಬ್ಬನೇ ಬದಲಿ ಆಟಗಾರನಿಗೆ ಅವಕಾಶವಿತ್ತು. ಈಗಿನಂತೆ ಒಂದೊಂದು ಜಾಗಕ್ಕೆ ಇಬ್ಬಿಬ್ಬರನ್ನು ಸಾಕಿಕೊಳ್ಳುವ ಪದ್ಧತಿಯೂ ಬೇರೂರಿರಲಿಲ್ಲ. ಹನ್ನೊಂದು ಮಂದಿಯಲ್ಲಿ ಮೂವರು ಮಲಗಿದರೆ ತಂಡವೇ ಮಲಗಿದಂತೆ.

ಎರಡನೆಯದು ಮಾರ್ಕ್ ಹ್ಯೂಸ್ ಪ್ರಕರಣ. ಆರಂಭದ ಗೆಲುವುಗಳ ಬೆನ್ನೆಲುಬಾಗಿದ್ದ ಈ ತರುಣನನ್ನು ಸ್ಪೇನಿನ ಬಾರ್ಸಿಲೋನಾ ಕ್ಲಬ್‌ಗೆ ಮಾರುವ ಮಾತುಕತೆ ಋತುವಿನ ನಡುವೆಯೇ ಕುದುರಿತು. ಹ್ಯೂಸ್ ಕಾಲಿನಿಂದ ಗೋಲುಗಳು ಬತ್ತಿದವು.

ಡಿಸೆಂಬರ್ 26ರಂದು ಎವರ್ಟನ್ ತನ್ನ ಮೈದಾನದಲ್ಲಿ ಯುನೈಟೆಡ್ಡನ್ನು 3-1ರಿಂದ ಸೋಲಿಸಿತು. ಹೊಸ ವರ್ಷ ಬಂದು ಹೆಚ್ಚು ದಿನ ಕಳೆಯುವ ಮೊದಲೇ ಮೊದಲ ಸ್ಥಾನವೂ ಕೈಬಿಟ್ಟಿತು. ಅತ್ತ ಕೆನ್ನಿ ಡಾಲ್ಗ್ಲಿಷ್ ಮೊದಲ ಬಾರಿಗೆ ಆಟಗಾರನೂ ಮ್ಯಾನೇಜರೂ ಆಗಿ ನಡೆಸುತ್ತಿದ್ದ ಲಿವರ್‌ಪೂಲ್ ಕೊನೆಯ 12 ಪಂದ್ಯಗಳಲ್ಲಿ 11 ಗೆದ್ದು ಒಂದನ್ನು ಡ್ರಾ ಮಾಡಿಕೊಂಡಿತು. 1986ರ ಮೇ 3ರಂದು ಚೆಲ್ಸಿ ವಿರುದ್ಧ ಸ್ವತಃ ಡಾಲ್ಗ್ಲಿಷ್ ಹೊಡೆದ ಗೋಲು ಪ್ರಶಸ್ತಿಯನ್ನು ನಿರ್ಧರಿಸಿತು. ಲಿವರ್‌ಪೂಲ್ 88, ಎವರ್ಟನ್ 86, ವೆಸ್ಟ್ ಹ್ಯಾಮ್ 84. ಆಗಸ್ಟ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಸುಲಭವಾಗಿ ಸೋತು ಹೋಗಿದ್ದ ಅದೇ ವೆಸ್ಟ್ ಹ್ಯಾಮ್ ಈಗ ಮೂರನೇ ಸ್ಥಾನದಲ್ಲಿತ್ತು. ಯುನೈಟೆಡ್ 76 ಅಂಕಗಳೊಂದಿಗೆ ನಾಲ್ಕನೆಯದಾಯಿತು.

ಅಂಕಪಟ್ಟಿ ಹೇಳುವ ಗುಟ್ಟು

ಈ ಕಥೆಯನ್ನು ಸಾಮಾನ್ಯವಾಗಿ ಕುಸಿತದ ಕಥೆಯೆಂದೇ ಹೇಳುತ್ತಾರೆ. ಆದರೆ ಹಿಂದಿನ ವರ್ಷದ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ.

1985-86ರಲ್ಲಿ ಯುನೈಟೆಡ್ 22 ಪಂದ್ಯ ಗೆದ್ದಿತು, 10 ಡ್ರಾ ಮಾಡಿಕೊಂಡಿತು, 10 ಸೋತಿತು. ಅಂಕ 76, ಸ್ಥಾನ ನಾಲ್ಕು. ಅದಕ್ಕೆ ಹಿಂದಿನ 1984-85ರಲ್ಲಿ? 22 ಗೆಲುವು, 10 ಡ್ರಾ, 10 ಸೋಲು. ಅಂಕ 76, ಸ್ಥಾನ ನಾಲ್ಕು. ಒಂದಂಕಿಯೂ ಹೆಚ್ಚಿಲ್ಲ, ಒಂದಂಕಿಯೂ ಕಡಿಮೆಯಿಲ್ಲ!

ಅಂದರೆ ಹತ್ತು ಗೆಲುವುಗಳ ಅಬ್ಬರ, ಆಮೇಲಿನ ಕುಸಿತ ಎಲ್ಲವನ್ನೂ ಕೂಡಿ ಕಳೆದರೆ ತಂಡ ಹಿಂದಿನ ವರ್ಷ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತ್ತು. ಮೊದಲ 15 ಪಂದ್ಯಗಳಲ್ಲಿ 41 ಅಂಕ, ಉಳಿದ 27ರಲ್ಲಿ 35. ಪಂದ್ಯವೊಂದಕ್ಕೆ ಸರಾಸರಿ 2.7 ಇದ್ದದ್ದು 1.3ಕ್ಕೆ ಇಳಿಯಿತು. ಇವೆರಡರಲ್ಲಿ ಯಾವುದೂ ತಂಡದ ನಿಜವಾದ ಮಟ್ಟವಲ್ಲ. ನಿಜವಾದ ಮಟ್ಟ ಇವೆರಡರ ನಡುವೆ ಇತ್ತು.

ಸಂಖ್ಯಾಶಾಸ್ತ್ರಜ್ಞರಿಗೆ ಇದು ಹೊಸ ಸಂಗತಿಯಲ್ಲ. ಸರಿಯಾಗಿ ನೂರು ವರ್ಷಗಳ ಹಿಂದೆ, 1886ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ಒಂದು ಪ್ರಬಂಧ ಪ್ರಕಟಿಸಿದ್ದರು. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ಸಾಮಾನ್ಯವಾಗಿ ಹೆತ್ತವರಷ್ಟು ಅಲ್ಲ. ಕುಳ್ಳಗಿರುವವರ ಮಕ್ಕಳು ಹೆತ್ತವರಿಗಿಂತ ತುಸು ಎತ್ತರವಿರುತ್ತಾರೆ. ಎರಡು ತುದಿಗಳೂ ನಡುವಿನತ್ತ ಸರಿಯುತ್ತವೆ. ಸರಾಸರಿಯತ್ತ ಹಿಂದಿರುಗುವ ಈ ಗುಣ ಎತ್ತರಕ್ಕಷ್ಟೇ ಸೀಮಿತವಲ್ಲ. ಸಾಮರ್ಥ್ಯ ಮತ್ತು ಅದೃಷ್ಟ ಎರಡೂ ಬೆರೆತ ಯಾವುದೇ ಫಲಿತಾಂಶದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ನಿರೀಕ್ಷೆ ಮೀರಿ ಅಂಕ ಬಂದ ಹುಡುಗನಿಗೆ ಮುಂದಿನ ಪರೀಕ್ಷೆಯಲ್ಲಿ ಸ್ವಲ್ಪ ಕಡಿಮೆ ಬಂದರೆ ಅವನು ಸೋಮಾರಿಯಾದ ಎಂದೇ ಅರ್ಥವಲ್ಲ. ಮೊದಲ ಸಲ ಓದಿದ ಪಾಠವೇ ಪ್ರಶ್ನೆಯಾಗಿ ಬಂದಿರಬಹುದು.

ಫುಟ್‌ಬಾಲ್‌ನಲ್ಲಿ ಅದೃಷ್ಟದ ಪಾಲು ದೊಡ್ಡದು, ಏಕೆಂದರೆ ಗೋಲುಗಳ ಸಂಖ್ಯೆ ಸಣ್ಣದು. ಕಂಬಕ್ಕೆ ಬಡಿದ ಚೆಂಡು ಒಳಗೆ ಹೋದರೆ ಮೂರು ಅಂಕ, ಹೊರಗೆ ಹೋದರೆ ಒಂದು. 42 ಪಂದ್ಯಗಳಲ್ಲಿ ಇಂಥ ಲಾಭನಷ್ಟ ಬಹುಪಾಲು ಸರಿದೂಗುತ್ತದೆ, ಹತ್ತರಲ್ಲಿ ಸರಿದೂಗುವುದಿಲ್ಲ.

ಎದುರಾಳಿಗಳು ಯಾರು ಎಂಬುದೂ ಮುಖ್ಯ. ಯುನೈಟೆಡ್ ಮೊದಲ ಹತ್ತು ಪಂದ್ಯಗಳಲ್ಲಿ ಸೋಲಿಸಿದ ತಂಡಗಳ ಪೈಕಿ ವೆಸ್ಟ್ ಬ್ರಾಮ್‌ವಿಚ್ ಋತುವಿನ ಕೊನೆಗೆ 22 ತಂಡಗಳಲ್ಲಿ ಕಟ್ಟಕಡೆಯದಾಯಿತು. ಇಪ್ಸ್‌ವಿಚ್ ಕೂಡ ಹಿಂಬಡ್ತಿ ಪಡೆಯಿತು. ಆಕ್ಸ್‌ಫರ್ಡ್ 18ನೆಯದು, ಆಸ್ಟನ್ ವಿಲ್ಲಾ 16ನೆಯದು. ಕೊನೆಯಲ್ಲಿ ಮೊದಲ ಎರಡು ಸ್ಥಾನ ಪಡೆದ ಲಿವರ್‌ಪೂಲ್ ಮತ್ತು ಎವರ್ಟನ್ ಆ ಹತ್ತರ ಪಟ್ಟಿಯಲ್ಲಿ ಇರಲೇ ಇಲ್ಲ. ಆಗಸ್ಟ್‌ನಲ್ಲಿ ಇದನ್ನು ಯಾರೂ ಗಮನಿಸಲಿಲ್ಲ. ಗಮನಿಸುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಯಾವ ತಂಡ ದುರ್ಬಲ ಎಂಬುದು ಆಗಿನ್ನೂ ಗೊತ್ತಾಗಬೇಕಿತ್ತು.

ಒಂದೇ ಫಲಿತಾಂಶ, ಎರಡು ತೀರ್ಪು

76 ಅಂಕಗಳ ಈ ಸಮಾನತೆಯಲ್ಲಿ ಮನುಷ್ಯ ಸ್ವಭಾವದ ಒಂದು ಪಾಠವೂ ಅಡಗಿದೆ. 1985ರ ಮೇ ತಿಂಗಳಲ್ಲಿ ನಾಲ್ಕನೇ ಸ್ಥಾನ ಪಡೆದ ಅಟ್ಕಿನ್ಸನ್ ಕೈಯಲ್ಲಿ ಕಪ್ ಇತ್ತು, ಅಭಿಮಾನಿಗಳು ಹೆಗಲ ಮೇಲೆ ಹೊತ್ತರು. 1986ರ ಮೇ ತಿಂಗಳಲ್ಲಿ ಅದೇ ಅಂಕ, ಅದೇ ಸ್ಥಾನ ಪಡೆದ ಅಟ್ಕಿನ್ಸನ್ ಕೈಗೆ ಬಂದ ಪ್ರಶಸ್ತಿಯನ್ನು ಚೆಲ್ಲಿದವರಾದರು. ಎರಡು ವರ್ಷಗಳ ನಡುವಿನ ವ್ಯತ್ಯಾಸ ಕಪ್ ಒಂದೇ ಅಲ್ಲ. ನಡುವೆ ಹತ್ತು ಗೆಲುವುಗಳು ಹುಟ್ಟಿಸಿದ ಆಸೆಯಿತ್ತು. ಮೊದಲ ಹತ್ತು ವಾರ ತಂಡ ಸಾಧಾರಣವಾಗಿ ಆಡಿ, ಕೊನೆಯಲ್ಲಿ ಚೇತರಿಸಿಕೊಂಡು ಅದೇ 76 ಅಂಕ ಗಳಿಸಿದ್ದರೆ, ‘ಮುಂದಿನ ವರ್ಷ ನೋಡಿ’ ಎಂದು ಅದೇ ಜನ ಹುರುಪಿನಿಂದ ಮನೆಗೆ ಹೋಗುತ್ತಿದ್ದರೇನೋ.

1986ರ ಆಗಸ್ಟ್‌ನಲ್ಲಿ ಯುನೈಟೆಡ್ ಮೊದಲ ಮೂರು ಪಂದ್ಯಗಳನ್ನೂ ಸೋತಿತು. ಹಿಂದಿನ ವರ್ಷದ ಗಾಯ ಮಾಯುವ ಮೊದಲೇ ಹೊಸ ಗಾಯ. ನವೆಂಬರ್ 6ರಂದು ಅಟ್ಕಿನ್ಸನ್ ಅವರನ್ನು ತೆಗೆದುಹಾಕಲಾಯಿತು. ಐದು ಪೂರ್ಣ ಋತುಗಳಲ್ಲಿ ಒಮ್ಮೆಯೂ ನಾಲ್ಕನೇ ಸ್ಥಾನಕ್ಕಿಂತ ಕೆಳಗಿಳಿಯದಿದ್ದ ಮ್ಯಾನೇಜರ್ ಹೊರನಡೆದದ್ದು ಹೀಗೆ. ಅದೇ ದಿನ ಸ್ಕಾಟ್ಲೆಂಡಿನ ಅಬರ್ಡೀನ್ ತಂಡದಿಂದ ಅಲೆಕ್ಸ್ ಫರ್ಗುಸನ್ ಬಂದರು.

ಮತ್ತೆ ಮತ್ತೆ ಸುಳ್ಳಾದ ಆಗಸ್ಟ್

ಫರ್ಗುಸನ್ ಕಾಲದಲ್ಲಿ ಆಗಸ್ಟ್ ತಿಂಗಳು ಓಲ್ಡ್ ಟ್ರಾಫರ್ಡ್‌ನವರನ್ನು ಇನ್ನೂ ಮೂರು ಬಾರಿ ಏಮಾರಿಸಿತು.

1989ರ ಆಗಸ್ಟ್ 19ರಂದು, ಋತುವಿನ ಮೊದಲ ದಿನ, ಯುನೈಟೆಡ್ ಹಾಲಿ ಚಾಂಪಿಯನ್ ಆರ್ಸೆನಲ್ ತಂಡವನ್ನು 4-1ರಿಂದ ಸೋಲಿಸಿತು. ಕ್ಲಬ್ಬನ್ನು ಕೊಳ್ಳಲು ಮುಂದೆ ಬಂದಿದ್ದ ಉದ್ಯಮಿ ಮೈಕೆಲ್ ನೈಟನ್ ಪಂದ್ಯಕ್ಕೆ ಮುನ್ನ ಆಟದ ಉಡುಗೆ ತೊಟ್ಟು ಮೈದಾನಕ್ಕಿಳಿದು ಚೆಂಡಾಡಿಸಿ ಚಪ್ಪಾಳೆ ಗಿಟ್ಟಿಸಿದರು. ಕ್ಲಬ್ ಅವರ ಕೈಗೆ ಬರಲಿಲ್ಲ, ತಂಡ ಮುಟ್ಟಿದ್ದು 13ನೇ ಸ್ಥಾನ. 1990ರ ಎಫ್.ಎ. ಕಪ್ ಗೆಲುವೊಂದೇ ಆ ವರ್ಷದ ಸಮಾಧಾನ.

1992ರಲ್ಲಿ ಪ್ರೀಮಿಯರ್ ಲೀಗ್ ಎಂಬ ಹೊಸ ಹೆಸರಿನಲ್ಲಿ ಆಟ ಆರಂಭವಾಯಿತು. ಯುನೈಟೆಡ್ ಮೊದಲ ಪಂದ್ಯದಲ್ಲಿ ಷೆಫೀಲ್ಡ್ ಯುನೈಟೆಡ್ ಎದುರು 1-2ರಿಂದ ಸೋತಿತು. ಎರಡನೆಯದರಲ್ಲಿ ತವರಿನಲ್ಲೇ ಎವರ್ಟನ್‌ಗೆ 0-3ರಿಂದ ಶರಣಾಯಿತು. ಮೂರನೆಯದು ಇಪ್ಸ್‌ವಿಚ್ ಜತೆ 1-1 ಡ್ರಾ. ಮೂರು ಪಂದ್ಯ, ಒಂದು ಅಂಕ. ಇಪ್ಪತ್ತೈದು ವರ್ಷ ಕಾದಿದ್ದ ಅಭಿಮಾನಿಗಳು ಈ ವರ್ಷವೂ ಇಷ್ಟೇ ಎಂದುಕೊಂಡಿದ್ದರೆ ತಪ್ಪೇನಿಲ್ಲ. 1993ರ ಮೇ ತಿಂಗಳಲ್ಲಿ ಆ ತಂಡವೇ 84 ಅಂಕ ಗಳಿಸಿ, ಎರಡನೇ ಸ್ಥಾನದ ಆಸ್ಟನ್ ವಿಲ್ಲಾಕ್ಕಿಂತ ಹತ್ತು ಅಂಕ ಮುಂದೆ ನಿಂತು ಚಾಂಪಿಯನ್ ಆಯಿತು. ಹತ್ತಕ್ಕೆ ಹತ್ತು ಗೆದ್ದ ವರ್ಷ ಬರದ ಪ್ರಶಸ್ತಿ ಮೂರರಲ್ಲಿ ಒಂದನ್ನೂ ಗೆಲ್ಲದ ವರ್ಷ ಬಂದಿತ್ತು.

1995ರ ಆಗಸ್ಟ್ 19ರಂದು ಆಸ್ಟನ್ ವಿಲ್ಲಾ ವಿರುದ್ಧ ಹುಡುಗರೇ ತುಂಬಿದ್ದ ಯುನೈಟೆಡ್ ತಂಡ 1-3ರಿಂದ ಸೋತಿತು. ಹುಡುಗರನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು ಎಂದು ಮಾಜಿ ಆಟಗಾರ ಅಲನ್ ಹ್ಯಾನ್ಸನ್ ಟಿ.ವಿ.ಯಲ್ಲಿ ತೀರ್ಪು ಕೊಟ್ಟರು. ಜನವರಿಯಲ್ಲಿ ನ್ಯೂಕ್ಯಾಸಲ್ 12 ಅಂಕಗಳಷ್ಟು ಮುಂದಿತ್ತು. ಮೇ ತಿಂಗಳಲ್ಲಿ ಲೀಗ್ ಮತ್ತು ಕಪ್ ಎರಡೂ ಆ ಹುಡುಗರ ಪಾಲಾದವು. ಆ ಹುಡುಗರಲ್ಲಿ ಡೇವಿಡ್ ಬೆಕಮ್ ಒಬ್ಬರು.

ಮೊಳಕೆಯನ್ನು ಎಲ್ಲಿ ಹುಡುಕಬೇಕು?

ಹಾಗಾದರೆ ಗಾದೆಯೇ ಸುಳ್ಳೇ? ಹಾಗೇನಿಲ್ಲ. ಮೊಳಕೆಯನ್ನು ಹುಡುಕುವ ಜಾಗ ತಪ್ಪಿರಬಹುದು, ಅಷ್ಟೆ.

ಟಾಟನ್‌ಹ್ಯಾಮ್ 1960ರ ಆಗಸ್ಟ್‌ನಲ್ಲಿ ಏಕಾಏಕಿ ಮೇಲೆದ್ದ ತಂಡವಲ್ಲ. ಅದರ ಹಿಂದಿನ ಋತುವಿನಲ್ಲೇ ಅದು ಚಾಂಪಿಯನ್ ಬರ್ನ್‌ಲಿಗಿಂತ ಎರಡೇ ಅಂಕ ಹಿಂದೆ, ಮೂರನೇ ಸ್ಥಾನದಲ್ಲಿತ್ತು. 2016ರಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಾಗ ಜಗತ್ತೇ ಬೆರಗಾಯಿತು. ಋತುವಿನ ಆರಂಭದಲ್ಲಿ ಬಾಜಿ ಕಟ್ಟುವವರು ಅದಕ್ಕೆ ಒಂದಕ್ಕೆ ಐದು ಸಾವಿರ ಕೊಡಲು ಸಿದ್ಧರಿದ್ದರು. ಆದರೆ 2015ರ ವಸಂತದಲ್ಲಿ, ಹಿಂಬಡ್ತಿಯ ಅಂಚಿನಲ್ಲಿದ್ದ ಅದೇ ತಂಡ ಕೊನೆಯ 9 ಪಂದ್ಯಗಳಲ್ಲಿ 7 ಗೆದ್ದು 14ನೇ ಸ್ಥಾನಕ್ಕೆ ಏರಿತ್ತು. ಮೊಳಕೆ ಒಡೆದದ್ದು ಆಗ. ಎಲ್ಲರೂ ನೋಡಿದ್ದು ಕೊಯ್ಲಿನ ಹೊತ್ತಿಗೆ.

ಹೊಸ ತಂಡಕ್ಕಾದರೋ ಹಿಂದಿನ ವರ್ಷ ಎಂಬುದೇ ಇರುವುದಿಲ್ಲ. ಕರ್ನಾಟಕದ ಅಭಿಮಾನಿಗಳು ಇದನ್ನು ಸ್ವತಃ ಅನುಭವಿಸಿದ್ದಾರೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಆ ವರ್ಷದ ಸೆಪ್ಟೆಂಬರ್ 22ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ತನ್ನ ಮೊದಲ ಐ-ಲೀಗ್ ಪಂದ್ಯವಾಡಿತು. ಶತಮಾನದ ಇತಿಹಾಸವಿರುವ ಕೋಲ್ಕತ್ತದ ಮೋಹನ್ ಬಾಗಾನ್ ವಿರುದ್ಧ 1-1 ಡ್ರಾ. ಒಳ್ಳೆಯ ಶಕುನವೋ ಕೆಟ್ಟದ್ದೋ ಹೇಳುವಂತಿರಲಿಲ್ಲ. ತರಬೇತುದಾರ ಆಷ್ಲಿ ವೆಸ್ಟ್‌ವುಡ್ ಎಳವೆಯಲ್ಲಿ ಆಟ ಕಲಿತದ್ದು ಫರ್ಗುಸನ್ ಕಾಲದ ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ. ನಾಯಕ ಸುನಿಲ್ ಛೆಟ್ರಿ. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಮಣಿಸಿ, ಮೊದಲ ವರ್ಷದಲ್ಲೇ ಬೆಂಗಳೂರು ಚಾಂಪಿಯನ್ ಆಯಿತು. 24 ಪಂದ್ಯಗಳಲ್ಲಿ 47 ಅಂಕ. ಮೊದಲ ದಿನದ ಒಂದು ಅಂಕದಲ್ಲಿ ಆ 47ನ್ನು ಕಂಡವರಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಅಭಿಮಾನಿ ಬದಲಾಗುತ್ತಾನೆಯೇ? ಬದಲಾಗಬೇಕಾದ ಅಗತ್ಯವೂ ಇಲ್ಲ. ಎರಡು ದುರಂತಗಳ ನೆರಳಿನಲ್ಲಿ, ಟಿ.ವಿ.ಯೂ ಇಲ್ಲದ 1985ರ ಆ ವಾರಗಳಲ್ಲಿ ಓಲ್ಡ್ ಟ್ರಾಫರ್ಡ್‌ಗೆ ಹೋದವರು ಕಂಡ ಆಟ ಸುಳ್ಳಾಗಿರಲಿಲ್ಲ. ಆ 27 ಗೋಲುಗಳನ್ನು ಯಾವ ಅಂಕಪಟ್ಟಿಯೂ ಹಿಂದಕ್ಕೆ ಪಡೆಯಲಾರದು. ತಪ್ಪಿದ್ದು ಆನಂದಪಟ್ಟದ್ದರಲ್ಲಿ ಅಲ್ಲ, ಆ ಆನಂದವನ್ನು ಸಾಲಪತ್ರವಾಗಿ ಬರೆಸಿಕೊಂಡು ಮೇ ತಿಂಗಳಲ್ಲಿ ಮ್ಯಾನೇಜರನ ಮುಂದೆ ಹಿಡಿದದ್ದರಲ್ಲಿ.

ರೋಹಿಣಿ ಮಳೆ ಚೆನ್ನಾಗಿ ಬಂದರೆ ಓಣಿಯೆಲ್ಲ ಜೋಳ ಎಂದು ರೈತ ಹಿಗ್ಗುತ್ತಾನೆ, ಹಿಗ್ಗುತ್ತಲೇ ಆಷಾಢದ ಮೋಡಗಳ ಮೇಲೂ ಕಣ್ಣಿಟ್ಟಿರುತ್ತಾನೆ. ಆಗಸ್ಟ್‌ನ ಅಂಕಪಟ್ಟಿಯನ್ನು ಓದಬೇಕಾದದ್ದೂ ಹಾಗೆಯೇ.